ಜೈಲಿನಿಂದ ಬರುವ ತಂಗಿಗೆ: ಮೊದಲು ಚಪ್ಪಲಿ, ಆಮೇಲೆ ಸಿಮ್ಮು

2022ರ ಮೇ ತಿಂಗಳ ಒಂದು ಬೆಳಿಗ್ಗೆ ನಾನು ಜೈಲಿನ ಗೇಟು ದಾಟಿ ಹೊರಗೆ ಬಂದೆ. ಮೈಮೇಲೆ ಯಾವುದೋ ಗಂಡಸಿನ ಅಂಗಿ, ಲುಂಗಿ. ತಲೆಯಲ್ಲಿ ಒಂದು ಬೆರಳಷ್ಟು ಕೂದಲು. ಹವಾಯಿ ಚಪ್ಪಲಿಯ ಒಂದು ಪಟ್ಟಿಗೆ ಸೇಫ್ಟಿ ಪಿನ್ನು. ಆಟೋದವನು "ಎಲ್ಲಿಗಣ್ಣ?" ಅಂದ. ನಾನು ಟ್ರಾನ್ಸ್‌ಜೆಂಡರ್ ಹೆಣ್ಣು. ಎರಡು ವರ್ಷ ಹತ್ತು ತಿಂಗಳು ಒಳಗೆ ಎಲ್ಲರೂ ಹಾಗೇ ಕರೆದಿದ್ದರು. ಆದರೂ ಹೊರಗೆ ಬಂದ ಮೇಲೆ ಕೇಳಿದ ಮೊದಲ ಮಾತು ಅದಾಯಿತಲ್ಲ ಅಂತ ಅಳು ಬಂತು.

ಮೆಜೆಸ್ಟಿಕ್ ಕಡೆ ಒಂದು ರಾತ್ರಿ, ದುಡ್ಡು ಕೊಡದೆ ಕಪಾಳಕ್ಕೆ ಹೊಡೆದವನಿಗೆ ನಾನು ಸೋಡಾ ಬಾಟಲಿಯಲ್ಲಿ ಹೊಡೆದಿದ್ದೆ. ಕಣ್ಣಿನ ಪಕ್ಕ ಹನ್ನೊಂದು ಹೊಲಿಗೆ. ಐಪಿಸಿ 326, ಮೂರು ವರ್ಷ ಶಿಕ್ಷೆ, ಹತ್ತು ಸಾವಿರ ದಂಡ. ಮಾಡಿಲ್ಲ ಅಂತ ಹೇಳುವುದಿಲ್ಲ. ಮಾಡಿದ್ದೆ.

ಇದನ್ನು ನಿನಗೆ ಬರೆಯುತ್ತಿದ್ದೇನೆ ತಂಗಿ. ನೀನು ಇನ್ನೂ ಒಳಗಿದ್ದರೆ ನಿನ್ನ ಪರವಾಗಿ ಯಾರೋ ಓದುತ್ತಿರಬಹುದು. ಒಳಗೆ ಫೋನ್ ಇರುವುದಿಲ್ಲವಲ್ಲ (ಇರಬಾರದು ಅನ್ನೋಣ). ನಾನು ಕಂಡುಕೊಂಡದ್ದು ಒಂದೇ. ನನ್ನ ಜೊತೆ ಒಳಗಿದ್ದ ನಮ್ಮವರು ನಾಲ್ವರು. ಅವರಲ್ಲಿ ಇಬ್ಬರು ವರ್ಷ ತುಂಬುವುದರೊಳಗೆ ವಾಪಸ್ ಹೋದರು. ಇಬ್ಬರನ್ನೂ ಎಳೆದದ್ದು ಸಾಲ. ಬಂದ ವಾರವೇ ಇಪ್ಪತ್ತು ಸಾವಿರ ಕೈಸಾಲ, ತಿಂಗಳಿಗೆ ನೂರಕ್ಕೆ ಹತ್ತು ಬಡ್ಡಿ. ಬಡ್ಡಿ ಕಟ್ಟಲು ರಾತ್ರಿ ಮೂರರವರೆಗೆ ದಂಧಾ, ಅಂದರೆ ಮೈ ಮಾರುವ ಕೆಲಸ. ರಾತ್ರಿ ಮೂರಕ್ಕೆ ರಸ್ತೆಯಲ್ಲಿ ನಿಂತರೆ ಜಗಳ ತಾನಾಗೇ ಹುಡುಕಿಕೊಂಡು ಬರುತ್ತದೆ. ಬರುವ ಪೊಲೀಸಿಗೆ ನಿನ್ನ ಮುಖ ಮೊದಲೇ ಗೊತ್ತು. ಹಾಗಾಗಿ ನಾನು ಮುಂದೆ ಹೇಳುವುದೆಲ್ಲ ಸಾಲ ಮಾಡದೆ ಮೊದಲ ಆರು ತಿಂಗಳು ಹೇಗೆ ದಾಟುವುದು ಅನ್ನುವುದರ ಬಗ್ಗೆ.

ಗೇಟಿನ ಒಳಗೆ ಇರುವಾಗಲೇ

ಬಿಡುಗಡೆಗೆ ಒಂದು ತಿಂಗಳು ಮೊದಲು ಕೆಲಸ ಶುರು ಮಾಡು. ಜೈಲಿಗೆ ಬರುವ ಲೀಗಲ್ ಏಡ್ ವಕೀಲರನ್ನು ಕೇಳಿ ನಿನ್ನ ಹೆಸರಲ್ಲಿ ಬೇರೆ ಕೇಸ್ ಬಾಕಿ ಇದೆಯಾ ನೋಡಿಸು. ಇ-ಕೋರ್ಟ್ಸ್ ವೆಬ್‌ಸೈಟಿನಲ್ಲಿ ಹೆಸರು ಹಾಕಿ ಹುಡುಕಬಹುದು. ಹುಟ್ಟಿದ ಹೆಸರು, ಇಟ್ಟುಕೊಂಡ ಹೆಸರು ಎರಡನ್ನೂ ಹಾಕಿಸು. ನನಗೆ ಒಂದು ಹಳೆಯ ಪುಟ್ಟ ಕೇಸ್ ಇತ್ತು, ನಾನು ಮರೆತೇ ಬಿಟ್ಟಿದ್ದೆ. ಕೋರ್ಟು ಮರೆತಿರಲಿಲ್ಲ. ಅದರಲ್ಲಿ ವಾರಂಟ್ ಆಗಿತ್ತು. ಹೀಗಿದ್ದರೆ ಓಡಬೇಡ. ವಕೀಲರ ಜೊತೆ ನೀನೇ ಕೋರ್ಟಿಗೆ ಹೋಗಿ ವಾರಂಟ್ ರೀಕಾಲ್‌ಗೆ ಅರ್ಜಿ ಹಾಕು. ತಾನಾಗಿ ಬಂದವಳನ್ನು ನೋಡುವ ರೀತಿಯೇ ಬೇರೆ, ಹಿಡಿದು ತಂದವಳನ್ನು ನೋಡುವ ರೀತಿಯೇ ಬೇರೆ. ಪ್ರತಿ ಜಿಲ್ಲಾ ಕೋರ್ಟಿನ ಆವರಣದಲ್ಲೂ ಕಾನೂನು ಸೇವಾ ಪ್ರಾಧಿಕಾರದ ಆಫೀಸ್ ಇದೆ. ಜೈಲಿನಲ್ಲಿರುವವರಿಗೆ ವಕೀಲರು ಪುಕ್ಕಟೆ. ಹೊರಗಿರುವವರು 15100ಕ್ಕೆ ಫೋನ್ ಮಾಡಬಹುದು.

ದಂಡ ಕಟ್ಟಲು ದುಡ್ಡಿಲ್ಲದೆ ಕೂತಿದ್ದೀಯಾ? 2023ರಲ್ಲಿ ಕೇಂದ್ರ ಸರ್ಕಾರ ಬಡ ಕೈದಿಗಳಿಗೆ ಅಂತ ಒಂದು ಯೋಜನೆ ತಂದಿತು. ಆಗ ದಂಡಕ್ಕೆ 25 ಸಾವಿರದವರೆಗೆ, ಜಾಮೀನಿಗೆ 40 ಸಾವಿರದವರೆಗೆ ಸಹಾಯ ಅಂತ ಇತ್ತು. ಕೆಲವು ಕೇಸುಗಳಿಗೆ ಕೊಡುವುದಿಲ್ಲ. ಆದರೆ ಕೇಳುವುದರಲ್ಲಿ ಏನು ಹೋಗುತ್ತದೆ? ನಾನು ಬಂದ ಮೇಲೆ ಬಂತು ಅದು, ನನ್ನ ಹಣೆಬರಹ. ನನ್ನ ದಂಡ ನಮ್ಮವರೇ ಚಂದಾ ಎತ್ತಿ ಕಟ್ಟಿದರು.

ಹೊರಡುವ ದಿನ ಬಿಡುಗಡೆ ಪತ್ರ ಕೇಳಿ ತೆಗೆದುಕೋ. ಅದನ್ನು ಬಿಸಾಡಬೇಡ. ಬಹಳ ಜನ ನಾಚಿಕೆಗೆ ಹರಿದು ಹಾಕುತ್ತಾರೆ. ಶಿಕ್ಷೆ ಮುಗಿದಿದೆ ಅನ್ನಲು ಇರುವ ಕಾಗದ ಅದೊಂದೇ. ಒಳಗೆ ಹೋಗುವಾಗ ಬರೆಸಿದ ಸಾಮಾನು ಮತ್ತು ನಿನ್ನ ಖಾತೆಯ ದುಡ್ಡು ಎಣಿಸಿದ ಮೇಲೆ ಸಹಿ ಹಾಕು. ನನ್ನ ಮೂಗುಬೊಟ್ಟು ರಿಜಿಸ್ಟರಿನಲ್ಲಿತ್ತು, ಕವರಿನಲ್ಲಿರಲಿಲ್ಲ. ನಾನಾಗಲೇ ಸಹಿ ಹಾಕಿಯಾಗಿತ್ತು. ಆಸ್ಪತ್ರೆಯ ಚೀಟಿಗಳನ್ನೂ ತೆಗೆದುಕೋ. ಎಆರ್‌ಟಿ (ಎಚ್‌ಐವಿಗೆ ಕೊಡುವ ಔಷಧಿ) ಅಥವಾ ಟಿಬಿ ಮಾತ್ರೆ ನಡೆಯುತ್ತಿದ್ದರೆ ಒಂದು ತಿಂಗಳ ಮಾತ್ರೆ ಮತ್ತು ನೀನು ಹೋಗುವ ಊರಿನ ಸೆಂಟರಿಗೆ ವರ್ಗಾವಣೆ ಪತ್ರ ಇಲ್ಲದೆ ಗೇಟು ದಾಟಬೇಡ. ಹೊರಗೂ ಈ ಮಾತ್ರೆ ಪುಕ್ಕಟೆಯೇ. ಹುಬ್ಬಳ್ಳಿಯಲ್ಲಾದರೆ ಕಿಮ್ಸ್ ಆಸ್ಪತ್ರೆಯಲ್ಲಿ (ಈಗ ಅದರ ಹೆಸರು ಕೆಎಂಸಿಆರ್‌ಐ) ಎಆರ್‌ಟಿ ಸೆಂಟರ್ ಇದೆ. ಮಧ್ಯೆ ಬಿಟ್ಟರೆ ಔಷಧಿ ಕೆಲಸ ಮಾಡುವುದನ್ನೇ ನಿಲ್ಲಿಸಬಹುದು.

ಮೊದಲ ವಾರದ ಖರ್ಚು

ನನ್ನ ಕೈಗೆ ಬಂದದ್ದು 4,300 ರೂಪಾಯಿ. ಅದರಲ್ಲಿ ಮೊದಲು ಕೊಂಡದ್ದು ಚಪ್ಪಲಿ, ಆಮೇಲೆ ಎರಡು ನೈಟಿ, ಒಂದು ವೇಲು, ಒಳಬಟ್ಟೆ, ರೇಜರ್. ಇದು ಶೋಕಿ ಅಂತ ಯಾರಾದರೂ ಅಂದರೆ ಕೇಳಬೇಡ. ಲುಂಗಿಯಲ್ಲಿ ನಿಂತು ಬಾಡಿಗೆ ಮನೆ ಕೇಳಲು ನನಗಾಗುತ್ತಿರಲಿಲ್ಲ. ಕೂದಲು ಬೆಳೆಯುವವರೆಗೆ ತಲೆ ಮೇಲೆ ಸೆರಗು ಹೊದ್ದುಕೊಂಡೆ. ಉತ್ತರ ಕರ್ನಾಟಕದಲ್ಲಿ ಅದೊಂದು ಅನುಕೂಲ, ಬಿಸಿಲಿಗೆ ಎಲ್ಲ ಹೆಂಗಸರೂ ಹೊದೆಯುತ್ತಾರೆ, ಯಾರೂ ತಿರುಗಿ ನೋಡುವುದಿಲ್ಲ. ಒಂದು ವರ್ಷ ಬೇಕಾಯಿತು ಜಡೆ ಅನ್ನುವಂಥದ್ದು ಆಗಲು.

ಆಮೇಲೆ ಇಪ್ಪತ್ತು ರೂಪಾಯಿಯ ಒಂದು ನೋಟ್‌ಬುಕ್. ಅದರ ಎಡಗಡೆ ಯಾರು ಏನು ಕೊಟ್ಟರು, ಬಲಗಡೆ ನಾನು ಏನು ವಾಪಸ್ ಕೊಟ್ಟೆ. ಒಂದು ಲೋಟ ಚಹಾ ಕೂಡ ಬರೆದೆ. ಹುಚ್ಚಾಟ ಅನ್ನಿಸಬಹುದು. ಆದರೆ ಹೊರಗೆ ಬಂದವಳಿಗೆ ಎಲ್ಲರೂ ಮೊದಲ ವಾರ ಧಾರಾಳ. ಮೂರನೇ ತಿಂಗಳಿಗೆ ಅವರ ಲೆಕ್ಕವೇ ಲೆಕ್ಕ. ನಿನ್ನ ಹತ್ತಿರ ನಿನ್ನ ಲೆಕ್ಕ ಇರಬೇಕು.

ನಾನು ಬೆಂಗಳೂರು ಬಿಟ್ಟು ಹುಬ್ಬಳ್ಳಿಗೆ ಬಂದೆ. ಹಳೆಯ ಹಮಾಮಿಗೆ (ನಮ್ಮವರು ಸೇರಿ ನಡೆಸುವ ಸ್ನಾನದ ಮನೆ, ದಂಧಾ ನಡೆಯುವುದೂ ಅಲ್ಲೇ) ಹೋದರೆ ಹಳೆಯ ಕೆಲಸವೇ ಅಂತ ಗೊತ್ತಿತ್ತು. ನನ್ನ ಗುರುಬಾಯಿ (ಅಂದರೆ ನನ್ನ ಗುರುವಿನದೇ ಇನ್ನೊಬ್ಬ ಶಿಷ್ಯೆ) ಒಬ್ಬಳ ಮನೆಯಲ್ಲಿ ಹತ್ತು ರಾತ್ರಿ ಮಲಗಿದೆ. ಅಡುಗೆ, ಪಾತ್ರೆ ನನ್ನದು ಅಂತ ಮೊದಲೇ ಹೇಳಿದೆ. ಅದನ್ನೂ ಬರೆದೆ. ಬೆಂಗಳೂರಲ್ಲೇ ಇರುವುದಾದರೆ ಸಂಗಮ, ಒಂದೆಡೆ, ಪಯಣ, ಮೈಸೂರಿನಲ್ಲಾದರೆ ಆಶೋದಯ, ಈ ಸಂಸ್ಥೆಗಳ ಬಾಗಿಲು ತಟ್ಟು. ಮನೆ ಕೊಡಿಸದಿದ್ದರೂ ಯಾರನ್ನು ಕೇಳಬೇಕು ಅಂತ ಹೇಳುವವರು ಅಲ್ಲಿದ್ದಾರೆ.

ಒಟಿಪಿ ಅನ್ನುವ ಎರಡನೇ ಜೈಲು

ಇದರ ಬಗ್ಗೆ ನನಗೆ ಯಾರೂ ಹೇಳಿರಲಿಲ್ಲ. ಸಿಮ್ಮನ್ನು ತೊಂಬತ್ತು ದಿನ ಬಳಸದಿದ್ದರೆ ಕಂಪನಿಯವರು ನಿಲ್ಲಿಸಬಹುದು. ಆಮೇಲೆ ಆ ನಂಬರ್ ಬೇರೆಯವರಿಗೆ ಹೋಗುತ್ತದೆ. ನನ್ನ ಹಳೆಯ ನಂಬರಿಗೆ ಫೋನ್ ಮಾಡಿದರೆ ಯಾರೋ ಒಬ್ಬ ಕಾಲೇಜು ಹುಡುಗ ಎತ್ತಿದ. ನನ್ನ ಆಧಾರ್, ಬ್ಯಾಂಕು, ಎಲ್ಲದರ ಒಟಿಪಿ ಅವನ ಫೋನಿಗೆ. ಪಾಪ, ಒಳ್ಳೆಯ ಹುಡುಗ. "ಅಕ್ಕಾ, ನಿಮ್ಮ ಮೆಸೇಜ್ ತುಂಬಾ ಬರ್ತಿದೆ" ಅಂದ. ಹೊರಗೆ ಬಂದ ಮೇಲೆ ನನ್ನನ್ನು ಅಕ್ಕ ಅಂದ ಮೊದಲ ಗಂಡಸು ಅವನೇ, ಅದೂ ಫೋನಲ್ಲಿ.

ಸರಿಯಾದ ಕ್ರಮ ಹೀಗೆ. ಮೊದಲು ಹೊಸ ಸಿಮ್, ಬೆರಳಚ್ಚು ಕೊಟ್ಟು. ಆಮೇಲೆ ಆಧಾರ್ ಕೇಂದ್ರಕ್ಕೆ ಹೋಗಿ ಮೊಬೈಲ್ ನಂಬರ್ ಬದಲಿಸು. ಅದಕ್ಕೆ ಯಾವ ದಾಖಲೆಯೂ ಬೇಡ, ಬೆರಳು ಸಾಕು, ಫೀಸು ನೂರರೊಳಗೆ. ಅಂಚೆಯಣ್ಣ ಕೂಡ ಇದನ್ನು ಮಾಡಿಕೊಡುತ್ತಾರೆ. ಆಮೇಲೆ ಬ್ಯಾಂಕು. ಎರಡು ವರ್ಷ ವ್ಯವಹಾರ ಇಲ್ಲದ ಖಾತೆ ನಿದ್ದೆ ಹೋಗಿರುತ್ತದೆ. ಕೆವೈಸಿ ಕೊಟ್ಟರೆ ಎಬ್ಬಿಸುತ್ತಾರೆ, ಅದಕ್ಕೆ ದುಡ್ಡು ಕೇಳುವ ಹಾಗಿಲ್ಲ. "ಇಷ್ಟು ದಿನ ಎಲ್ಲಿದ್ದಿರಿ?" ಅಂತ ಕೌಂಟರಿನಲ್ಲಿ ಕೇಳಿದರು. "ಊರಲ್ಲಿರಲಿಲ್ಲ" ಅಂದೆ. ಸುಳ್ಳಲ್ಲ ಅಲ್ವಾ?

ಹೆಸರು, ಲಿಂಗ ಬದಲಿಸಲು ಅವಸರ ಪಡಬೇಡ, ಆದರೆ ಮುಂದೂಡುತ್ತಲೂ ಇರಬೇಡ. 2019ರ ಟ್ರಾನ್ಸ್‌ಜೆಂಡರ್ ಕಾಯ್ದೆಯ ಕೆಳಗೆ ಜಿಲ್ಲಾಧಿಕಾರಿ ಕೊಡುವ ಗುರುತಿನ ಪ್ರಮಾಣಪತ್ರ ಮೊದಲು. ನಾನು 2022ರಲ್ಲಿ ಹಾಕಿದಾಗ ಕೇಂದ್ರದ ಟ್ರಾನ್ಸ್‌ಜೆಂಡರ್ ಪೋರ್ಟಲ್‌ನಲ್ಲಿ ಅರ್ಜಿ, ಜೊತೆಗೆ ಒಂದು ಅಫಿಡವಿಟ್, ಅಷ್ಟೆ. ಡಾಕ್ಟರ್ ತಪಾಸಣೆ ಕೇಳಲಿಲ್ಲ. ನಿಯಮಗಳು ಬದಲಾಗುತ್ತಿರುತ್ತವೆ, ಹೋಗುವ ಮೊದಲು ಇತ್ತೀಚೆಗೆ ಮಾಡಿಸಿದವರನ್ನು ಕೇಳು. ಅರ್ಜಿ ನಂಬರ್ ನೋಟ್‌ಬುಕ್ಕಿನಲ್ಲಿ ಬರೆದಿಡು. ಆ ಕಾರ್ಡಿನಲ್ಲಿ ಜೈಲಿನ ಸುದ್ದಿ ಎಲ್ಲೂ ಇರುವುದಿಲ್ಲ. ಇದನ್ನು ಹೇಳುತ್ತಿರುವುದು ಯಾಕೆಂದರೆ, ನಾನು ಆ ಭಯಕ್ಕೇ ಮೂರು ತಿಂಗಳು ಅರ್ಜಿ ಹಾಕದೆ ಕೂತಿದ್ದೆ.

ಆಧಾರಿನಲ್ಲಿ ಹೆಸರನ್ನು ಎರಡೇ ಸಲ ಬದಲಿಸಬಹುದು. ಹಾಗಾಗಿ ಸ್ಪೆಲ್ಲಿಂಗ್ ನೋಡಿ ಓಕೆ ಅನ್ನು. ನನ್ನ ಹೆಸರಿನ ಕೊನೆಗೆ ಅವರು ಒಂದು ಅಕ್ಷರ ಜಾಸ್ತಿ ಸೇರಿಸಿದ್ದರು, ಸ್ಕ್ರೀನಿನಲ್ಲಿ ನಾನು ನೋಡಲಿಲ್ಲ. ಒಂದು ಅವಕಾಶ ಸುಮ್ನೆ ಹೋಯಿತು.

ಕಾರ್ಡ್ ಬಂದ ಮೇಲೆ ಬಾಗಿಲು ತೆರೆಯುತ್ತವೆ. ಸರ್ಕಾರ ನಮ್ಮವರಿಗೆ ಕೊಡುವ ಮೈತ್ರಿ ಪಿಂಚಣಿಗೆ ನಾಡಕಚೇರಿಯಲ್ಲಿ ಕೇಳು. ದೊಡ್ಡ ದುಡ್ಡಲ್ಲ, ಆದರೆ ಗ್ಯಾಸಿಗೆ ಆಗುತ್ತದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರ ಜೊತೆ ನಮಗೂ ಸಾಮಾನ್ಯ ಸರ್ಕಾರಿ ಬಸ್ಸು ಉಚಿತ. ಗುರುತಿನ ಚೀಟಿ ಕೈಯಲ್ಲೇ ಇರಲಿ, ಚರ್ಚೆ ಬೇಡ. ಮತದಾರರ ಪಟ್ಟಿಯಲ್ಲಿ ಹೆಸರು ಹೋಗಿದ್ದರೆ ಫಾರಂ 6 ಹಾಕು. ಜೈಲಲ್ಲಿದ್ದಾಗ ಮತ ಇಲ್ಲ, ಹೊರಗೆ ಬಂದ ಮೇಲೆ ಇದೆ. 2023ರ ಮೇ 10ಕ್ಕೆ ನಾನು ಹಾಕಿದೆ. ಯಾರಿಗೆ ಅಂತ ಹೇಳಲ್ಲ.

ರಾತ್ರಿ, ಮಾತ್ರೆ, ಮೈ

ಸಂಜೆ ಆರಕ್ಕೆ ಒಳಗೆ ಎಣಿಕೆ ಇರುತ್ತಿತ್ತು. ಹೊರಗೆ ಬಂದು ನಾಲ್ಕು ತಿಂಗಳಾದರೂ ಆರಕ್ಕೆ ನನ್ನ ಕಾಲು ತಾನಾಗಿ ಮಡಚಿಕೊಂಡು ಕುಕ್ಕರಗಾಲಲ್ಲಿ ಕೂರುತ್ತಿದ್ದೆ. ಬಾಡಿಗೆ ಮನೆಯಲ್ಲಿ ಒಳಗಿನಿಂದ ಚಿಲಕ ಹಾಕಲು ಕೈ ಬರುತ್ತಿರಲಿಲ್ಲ. ಚಿಲಕ ಹಾಕದಿದ್ದರೆ ನಿದ್ದೆ ಬರುತ್ತಿರಲಿಲ್ಲ. ಒಂದು ತಿಂಗಳು ಬಾಗಿಲಿಗೆ ಬಕೆಟ್ ಒರಗಿಸಿ ಮಲಗಿದೆ. ಯಾರಾದರೂ ತಳ್ಳಿದರೆ ಸದ್ದಾಗುತ್ತದೆ ಅಂತ. ಗಂಡಸರ ಕಡೆಯ ಸೆಲ್ಲಿನಲ್ಲಿ ನನಗೆ ಏನೇನಾಯಿತು ಅಂತ ಇಲ್ಲಿ ಬರೆಯಲ್ಲ. ನಮ್ಮನ್ನು ಹೇಗೆ ಇಡಬೇಕು ಅಂತ 2022ರ ಜನವರಿಯಲ್ಲಿ ಕೇಂದ್ರ ಗೃಹ ಸಚಿವಾಲಯ ರಾಜ್ಯಗಳಿಗೆ ಪತ್ರ ಬರೆದಿತ್ತಂತೆ. ಹೊರಗೆ ಬಂದ ಮೇಲೆ ಗೊತ್ತಾಯಿತು. ಆ ಪತ್ರ ನನ್ನ ಸೆಲ್ಲಿನವರೆಗೆ ಬರಲಿಲ್ಲ.

ಇದಕ್ಕೆ ಕುಡಿತ ಔಷಧಿ ಅಂತ ಹೇಳುವವರು ಬಹಳ. ಕುಡಿತವೂ ಸಾಲವೇ. 14416ಕ್ಕೆ ಫೋನ್ ಮಾಡು, ಟೆಲಿ-ಮಾನಸ್ ಅಂತ ಮನಸ್ಸಿನ ತೊಂದರೆಗೆ ಸರ್ಕಾರದ ಸಹಾಯವಾಣಿ, ಪುಕ್ಕಟೆ, ಕನ್ನಡದಲ್ಲೇ ಮಾತಾಡುತ್ತಾರೆ. ನಾನು ಧಾರವಾಡದ ಡಿಮ್ಹಾನ್ಸ್ ಮಾನಸಿಕ ಆಸ್ಪತ್ರೆಗೆ ಹೋದೆ. ಮೊದಲ ಸಲ ಡಾಕ್ಟರ ಮುಂದೆ ಬರೀ ನಿದ್ದೆ ಬರಲ್ಲ ಅಂತ ಹೇಳಿ ಬಂದೆ. ಅಷ್ಟೇ ಹೇಳಿದರೂ ಸಾಕು, ಉಳಿದದ್ದು ಮೂರನೇ ಸಲಕ್ಕೆ ಬರುತ್ತದೆ.

ಹಾರ್ಮೋನ್ ವಿಷಯದಲ್ಲಿ ದಯವಿಟ್ಟು ನನ್ನ ಮಾತು ಕೇಳು. ಒಳಗೆ ಎರಡೂವರೆ ವರ್ಷ ಮಾತ್ರೆ ಇರಲಿಲ್ಲ. ಮೈ ಹಿಂದಕ್ಕೆ ಹೋಗಿತ್ತು, ಗಡ್ಡ ದಪ್ಪ ಆಗಿತ್ತು. ಬಂದ ಕೂಡಲೇ ಕಳೆದದ್ದನ್ನೆಲ್ಲ ಒಂದೇ ತಿಂಗಳಲ್ಲಿ ವಾಪಸ್ ಪಡೆಯಬೇಕು ಅನ್ನಿಸುತ್ತದೆ. ನಮ್ಮವರು ಮೆಡಿಕಲ್ ಶಾಪಿನಿಂದ ಗರ್ಭನಿರೋಧಕ ಮಾತ್ರೆ ತಂದು ದಿನಕ್ಕೆ ನಾಲ್ಕು ಐದು ನುಂಗುತ್ತಾರೆ. ನಾನೂ ನುಂಗಿದೆ. ಆ ಮಾತ್ರೆಯಲ್ಲಿರುವ ಈಸ್ಟ್ರೋಜನ್ ರಕ್ತ ಹೆಪ್ಪುಗಟ್ಟಿಸಬಹುದು, ಬೀಡಿ ಸಿಗರೇಟು ಸೇದುವವರಿಗೆ ಇನ್ನೂ ಜಾಸ್ತಿ. ನನ್ನ ಎಡಗಾಲ ಮೀನಖಂಡ ಊದಿ ಕಲ್ಲಾಯಿತು. ಆಸ್ಪತ್ರೆಯಲ್ಲಿ ಆರು ದಿನ. ಒಂದು ಕಾಲು ಊದಿ ನೋವು ಬಂದರೆ, ಏದುಸಿರು ಬಂದರೆ, ಎದೆ ಹಿಡಿದರೆ ಆ ದಿನವೇ ಆಸ್ಪತ್ರೆಗೆ ಹೋಗು. ಏನು ನುಂಗಿದ್ದೀಯ ಅಂತ ಡಾಕ್ಟರಿಗೆ ಮುಚ್ಚಿಡಬೇಡ. ಹಾರ್ಮೋನ್ ಮತ್ತೆ ಶುರು ಮಾಡುವುದು ರಕ್ತ ಪರೀಕ್ಷೆ ಮಾಡಿಸಿ, ಡಾಕ್ಟರು ಬರೆದುಕೊಟ್ಟ ಮೇಲೆ. ನಿಧಾನಕ್ಕೆ ಬರುತ್ತದೆ, ಬರುತ್ತದೆ.

ಗುರುವಿನ ಲೆಕ್ಕ

ಇದನ್ನು ಬರೆದರೆ ನಮ್ಮವರಲ್ಲಿ ಕೆಲವರಿಗೆ ಸಿಟ್ಟು ಬರುತ್ತದೆ. ಬರಲಿ. ನನ್ನ ಗುರು, ಅಂದರೆ ನಮ್ಮವರಲ್ಲಿ ನನ್ನನ್ನು ಮಗಳ ಹಾಗೆ ಸೇರಿಸಿಕೊಂಡ ಹಿರಿಯಳು, ನನ್ನ ಕೇಸಿಗೆ ಅರವತ್ತು ಸಾವಿರ ಖರ್ಚು ಮಾಡಿದ್ದಳು. ಹೆತ್ತವರು ಒಂದು ಕಾಗದ ಹಾಕಲಿಲ್ಲ, ಅವಳು ಪ್ರತಿ ತಿಂಗಳು ಬಿಸ್ಕತ್ತು, ಸೋಪು ಹಿಡಿದು ಬಂದಿದ್ದಳು. ಅದನ್ನು ಮರೆತರೆ ನಾನು ಮನುಷ್ಯಳೇ ಅಲ್ಲ. ಆದರೆ ಆ ಅರವತ್ತು ಸಾವಿರವನ್ನು ಅವಳು ಹಮಾಮಿಗೆ ವಾಪಸ್ ಬಂದು ತೀರಿಸು ಅಂದಳು.

ಓಡಿಹೋಗಬೇಡ, ಫೋನ್ ಬ್ಲಾಕ್ ಮಾಡಬೇಡ. ಮಾಡಿದರೆ ಇಡೀ ಜಮಾತ್ (ನಮ್ಮವರ ಸಮುದಾಯ) ನಿನಗೆ ಬಾಗಿಲು ಹಾಕುತ್ತದೆ. ನಾನು ಹಿರಿಯರ ಮುಂದೆ ಕೂತೆ, ಕಾಲಿಗೆ ಬಿದ್ದೆ, ನೋಟ್‌ಬುಕ್ ತೆರೆದೆ. "ದುಡ್ಡು ಕೊಡ್ತೀನಿ, ದಂಧಾ ಮಾಡಲ್ಲ, ತಿಂಗಳಿಗೆ ಎರಡು ಸಾವಿರ" ಅಂದೆ. ಮೂರು ತಾಸು ಕೂಗಾಟ ಆಯಿತು. ಕೊನೆಗೆ ನಾನಿ (ಗುರುವಿನ ಗುರು) ಒಂದು ಮಾತು ಹೇಳಿ ನಲವತ್ತು ಸಾವಿರಕ್ಕೆ ಇಳಿಸಿದಳು, ಬಡ್ಡಿ ಇಲ್ಲ. ಇಪ್ಪತ್ತು ತಿಂಗಳು. ಫೋನ್‌ಪೇಯಲ್ಲೇ ಕಳಿಸಿದೆ, ದಾಖಲೆ ಇರಲಿ ಅಂತ. ಇಪ್ಪತ್ತನೇ ಕಂತು ಹಾಕಿದ ದಿನ ಗುರು ಫೋನ್ ಮಾಡಿ ಬೈದಳು. "ಬಾಕಿ ಇಪ್ಪತ್ತು ಸಾವಿರ ನಾನು ಬಿಟ್ಟೆ ಅಂತ ಮೆರೀಬೇಡ, ಯುಗಾದಿಗೆ ಬಂದು ಹೋಳಿಗೆ ಮಾಡಿಕೊಡು" ಅಂತ. ಹೋದೆ.

ರೊಟ್ಟಿ

ಕೆಲಸದ ವಿಷಯ. ಫಾರಂನಲ್ಲಿ ಶಿಕ್ಷೆ ಆಗಿದೆಯಾ ಅಂತ ಕೇಳಿದ್ದರೆ ಸುಳ್ಳು ಬರೆಯಬೇಡ. ಸರ್ಕಾರಿ ಕೆಲಸದಲ್ಲಿ ನಮಗೆ 2021ರಿಂದ ಶೇಕಡಾ 1 ಮೀಸಲಾತಿ ಇದೆ, ನಿಜ. ಆದರೆ ಪೊಲೀಸ್ ವೆರಿಫಿಕೇಶನ್ನಿನಲ್ಲಿ ಮುಚ್ಚಿಟ್ಟದ್ದು ಸಿಕ್ಕರೆ ಕೇಸಿಗಿಂತ ಅದೇ ದೊಡ್ಡದಾಗುತ್ತದೆ. ಕೇಳದ ಕಡೆ ನೀನಾಗಿ ಹೇಳಬೇಡ. ನಾನು ಮೂರು ಕಡೆ ಹೌಸ್‌ಕೀಪಿಂಗ್ ಕೇಳಿದೆ. ಎರಡು ಕಡೆ ಮುಖ ನೋಡಿ ಇಲ್ಲ ಅಂದರು, ಜೈಲಿನ ಮಾತಿನವರೆಗೂ ಹೋಗಲಿಲ್ಲ. ಮೂರನೇ ಕಡೆ ಯಾವ ಟಾಯ್ಲೆಟ್ಟಿಗೆ ಹೋಗುತ್ತೀಯ ಅಂತ ಒಂದು ವಾರ ಚರ್ಚೆ ಮಾಡಿ ಬಿಡಿಸಿದರು.

ನಮ್ಮ ಓಣಿಯ ಕೊನೆಯಲ್ಲಿ ಒಬ್ಬ ಅವ್ವ ಖಾನಾವಳಿಗಳಿಗೆ ರೊಟ್ಟಿ ಬಡಿದು ಕೊಡುತ್ತಿದ್ದಳು. ಕೂಲಿಗೆ ಹೆಂಗಸರು ಬೇಕಾಗಿದ್ದರು. ಅವಳಿಗೆ ಮಾತ್ರ ನಾನೇ ಹೋಗಿ ಜೈಲಿನ ವಿಷಯ ಹೇಳಿದೆ. ನಾಳೆ ಪೊಲೀಸರು ವಿಚಾರಿಸಲು ಬಂದರೆ ನಿಲ್ಲುವುದು ಅವಳ ಮನೆ ಮುಂದೆ ತಾನೆ? ಅವಳು ಹಿಟ್ಟು ನಾದುತ್ತಲೇ ಅಂದಳು, "ಅದು ಓಣ್ಯಾಗ ಎಲ್ಲಾರಿಗೂ ಗೊತ್ತೈತಿ. ರೊಟ್ಟಿ ಬಡ್ಯಾಕ ಬರ್ತದೇನ್, ಅಷ್ಟ ಹೇಳು."

ಬರುತ್ತಿತ್ತು. ಗಂಗಾವತಿ ಕಡೆಯ ನಮ್ಮೂರಲ್ಲಿ, ಹುಡುಗ ಒಲೆ ಮುಂದೆ ಕೂರಬಾರದು ಅಂತ ಅಪ್ಪ ಹೊಡೆಯುವವರೆಗೂ ನಾನು ಅವ್ವನ ಪಕ್ಕ ಕೂತು ಬಡಿದಿದ್ದೆ. ಆದರೆ ಕೈ ಮರೆತಿತ್ತು. ಮೊದಲ ದಿನ ನಲವತ್ತು, ಅದರಲ್ಲಿ ಹತ್ತು ಹರಿದದ್ದು. ಒಂದು ರೊಟ್ಟಿಗೆ ಒಂದೂವರೆ ರೂಪಾಯಿ ಕೂಲಿ. ಎಸರು ಕುದಿಯುವಾಗಲೇ ಹಿಟ್ಟಿಗೆ ಹಾಕಬೇಕು, ಆರಿದ ಮೇಲೆ ಹಾಕಿದರೆ ಅಂಚು ಬಿರಿಯುತ್ತದೆ. ಮೂರು ತಿಂಗಳಿಗೆ ದಿನಕ್ಕೆ ಇನ್ನೂರಕ್ಕೆ ಬಂದೆ, ಅಂದರೆ ಮುನ್ನೂರು ರೂಪಾಯಿ. ಬೆಳಿಗ್ಗೆ ಐದಕ್ಕೆ ಶುರು, ಹನ್ನೊಂದಕ್ಕೆ ಮುಗಿತು. ಐದಕ್ಕೆ ಏಳಬೇಕಾದವಳು ರಾತ್ರಿ ರಸ್ತೆಯಲ್ಲಿ ನಿಲ್ಲುವುದಿಲ್ಲ.

ಎರಡನೇ ವರ್ಷ ಖಡಕ್ ರೊಟ್ಟಿ, ಶೇಂಗಾ ಚಟ್ನಿ ನಾನೇ ಮಾಡಿ ಗಾಡಿಯಲ್ಲಿ ಮಾರಲು ಶುರು ಮಾಡಿದೆ. ಖಡಕ್ ರೊಟ್ಟಿ ಕೆಡುವುದಿಲ್ಲ, ಇವತ್ತು ಹೋಗದಿದ್ದರೆ ನಾಳೆ. ಪಾಲಿಕೆಯಲ್ಲಿ ಬೀದಿ ವ್ಯಾಪಾರಿ ಅಂತ ಹೆಸರು ಬರೆಸಿದೆ. 2024ರಲ್ಲಿ ಬೀದಿ ವ್ಯಾಪಾರಿಗಳಿಗೆ ಇರುವ ಪಿಎಂ ಸ್ವನಿಧಿ ಯೋಜನೆಯಲ್ಲಿ ಬ್ಯಾಂಕಿನಿಂದ ಹತ್ತು ಸಾವಿರ ಸಾಲ ತೆಗೆದುಕೊಂಡೆ, ಹನ್ನೆರಡು ಕಂತು. ಸಾಲ ಬೇಡ ಅಂದವಳೇ ಸಾಲ ಮಾಡಿದಳಾ ಅಂತ ನಗಬೇಡ. ಗುರುವಿನ ಬಾಕಿ ತೀರಿದ ಮೇಲೆ ಮಾಡಿದ್ದು, ಮತ್ತು ಬ್ಯಾಂಕಿನವರು ರಾತ್ರಿ ಹನ್ನೊಂದಕ್ಕೆ ಬಾಗಿಲು ಬಡಿಯುವುದಿಲ್ಲ.

ಪೊಲೀಸರು ಎರಡು ಸಲ ಬಂದರು. ಹತ್ತಿರದಲ್ಲೆಲ್ಲೋ ಕಳ್ಳತನ ಆಗಿತ್ತು. ಸ್ಟೇಷನ್ನಿಗೆ ಬಾ ಅಂದರೆ ನೋಟಿಸ್ ಕೊಡಿ ಅಂತ ಮೆತ್ತಗೆ ಕೇಳು, ವಕೀಲರಿಗೆ ಮೆಸೇಜ್ ಹಾಕು, ಒಬ್ಬಳೇ ಹೋಗಬೇಡ. ಬಿಡುಗಡೆ ಪತ್ರದ ಝೆರಾಕ್ಸ್ ಜೊತೆಗಿರಲಿ. ನಾನು ಅವ್ವನ ಜೊತೆ ಹೋದೆ. ಅವಳು ಸ್ಟೇಷನ್ನಿನಲ್ಲಿ ಸಾಹೇಬರಿಗೇ ಎರಡು ಖಡಕ್ ರೊಟ್ಟಿ ಕೊಟ್ಟು, "ಇಕಿ ಮುಂಜಾನೆ ಐದರಿಂದ ನನ್ನ ಮುಂದ ಇರ್ತಾಳ್ರೀ" ಅಂದಳು. ವಾಪಸ್ ಕಳಿಸಿದರು.

ಮನೆಯವರ ಬಗ್ಗೆ ನನ್ನ ಹತ್ತಿರ ಉಪಾಯ ಇಲ್ಲ. ತಮ್ಮ ಫೋನ್ ಎತ್ತುತ್ತಾನೆ, ಅಪ್ಪ ಎತ್ತುವುದಿಲ್ಲ.

ಮುಂದಿನ ವಾರ ಒಬ್ಬಳು ಬಿಡುಗಡೆ ಆಗುತ್ತಿದ್ದಾಳೆ. ಗೇಟಿನ ಹತ್ತಿರ ಹೋಗುವವಳು ನಾನು. ಚೀಲದಲ್ಲಿ ಇಟ್ಟಿರುವುದು ಎರಡು ನೈಟಿ, ಒಂದು ವೇಲು, ರೇಜರ್, ಇಪ್ಪತ್ತು ರೂಪಾಯಿಯ ನೋಟ್‌ಬುಕ್, ಪೆನ್ನು. ಚಪ್ಪಲಿ ಇನ್ನೂ ಸಿಕ್ಕಿಲ್ಲ. ಅವಳ ಕಾಲು ಒಂಬತ್ತು ನಂಬರ್. ಹೆಂಗಸರ ಚಪ್ಪಲಿಯಲ್ಲಿ ಒಂಬತ್ತು ಇಲ್ಲ ಅಂತ ದುರ್ಗದಬೈಲಿನಲ್ಲಿ ಮೂರು ಅಂಗಡಿಯವರು ಹೇಳಿದರು. ನಾಳೆ ಇನ್ನೊಂದು ಕಡೆ ನೋಡಬೇಕು.